ಪರದೇಶದ ಪಾಠ, ಪೇಟೆಯ ರೋಗಿ

ಅಮೆರಿಕದ ನರ್ಸ್ ಮ್ಯಾಡಲಿನ್ ಲೈನಿಂಗರ್ 1960ರ ದಶಕದ ಆರಂಭದಲ್ಲಿ ಪಪುವಾ ನ್ಯೂಗಿನಿಯ ಗಡ್ಸಪ್ ಜನರ ಹಳ್ಳಿಗಳಲ್ಲಿ ನೆಲೆಸಿ ಅವರ ಆರೈಕೆಯ ಪದ್ಧತಿಗಳನ್ನು ಅಭ್ಯಸಿಸಿದರು. ಶುಶ್ರೂಷೆಗೂ ಸಂಸ್ಕೃತಿಗೂ ಇರುವ ನಂಟನ್ನು ಶಾಸ್ತ್ರವಾಗಿ ಕಟ್ಟಿದವರು ಅವರೇ. ನರ್ಸಿಂಗ್ ವಿದ್ಯಾರ್ಥಿಗಳನ್ನು ವಿದೇಶಕ್ಕೆ ಕಳಿಸುವ ಇಂದಿನ ಕಾರ್ಯಕ್ರಮಗಳ ಹಿಂದೆ ಈ ವಿಚಾರವಿದೆ. ಆದರೆ ಲೈನಿಂಗರ್ ಅಲ್ಲಿದ್ದದ್ದು ಎರಡು ವರ್ಷದ ಹತ್ತಿರ. ಎರಡು ವಾರದ ಪ್ರವಾಸದಿಂದ ಅಷ್ಟನ್ನು ನಿರೀಕ್ಷಿಸುವುದು ಅನ್ಯಾಯ.

ಬೇರೆ ಸಂಸ್ಕೃತಿಯನ್ನು ಅರಿಯಲು ವಿದೇಶಕ್ಕೇ ಹೋಗಬೇಕೆಂದಿಲ್ಲ. ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಿಗೆ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬರುವ ಮಕ್ಕಳಿಗೆ ಈ ಊರೇ ಪರದೇಶ. ಸುಲ್ತಾನ್‌ಪೇಟೆಯ ಸುತ್ತಮುತ್ತ ಕನ್ನಡ, ತೆಲುಗು, ತಮಿಳು, ದಖನಿ, ಮಾರವಾಡಿ ಮಾತಾಡುವ ಮನೆಗಳಿವೆ. ಧರ್ಮಗಳೂ ಇಲ್ಲಿ ಬೆರೆಯುತ್ತವೆ: ಪೇಟೆಯ ಕರಗದ ಮೆರವಣಿಗೆ ಪ್ರತಿವರ್ಷ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ.

ಹತ್ತಿರದಲ್ಲೇ 1935ರಲ್ಲಿ ಆರಂಭವಾದ ವಾಣಿವಿಲಾಸ ಆಸ್ಪತ್ರೆ. ಇಂಥ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ, ರೋಗಿಯ ರೂಢಿಗಳ ಬಗ್ಗೆ ಲೈನಿಂಗರ್ ಹೇಳಿದ ಮೂರು ದಾರಿಗಳನ್ನು — ಉಳಿಸಿಕೊಳ್ಳುವುದು, ಹೊಂದಿಸಿಕೊಳ್ಳುವುದು, ಬದಲಿಸುವುದು — ಕಣ್ಣಾರೆ ಪರೀಕ್ಷಿಸಬಹುದು. ಬಾಣಂತಿ ತಲೆಗೆ ಬಟ್ಟೆ ಕಟ್ಟಿಕೊಂಡರೆ, ಮನೆಯಿಂದ ಬೆಳ್ಳುಳ್ಳಿ, ಮೆಣಸಿನ ಸಾರು ಬಂದರೆ ಯಾರಿಗೂ ಕೆಡುಕಿಲ್ಲ; ಅದನ್ನು ಉಳಿಸಿಕೊಳ್ಳಬೇಕು. ಸಾಂಬ್ರಾಣಿ ಹೊಗೆಯ ವಿಷಯದಲ್ಲಿ ಅಜ್ಜಿಯೊಡನೆ ಕೂತು ಮಾತಾಡಿ, ಮಗುವಿನ ಉಸಿರಿಗೆ ತಾಗದ ಹಾಗೆ ಒಪ್ಪಂದಕ್ಕೆ ಬರಬೇಕು. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ಹುಟ್ಟಿದ ಕೂಸಿನ ಬಾಯಿಗೆ ಜೇನುತುಪ್ಪ ಸವರುವುದು, ಬಾಣಂತಿಗೆ ನೀರು ಕೊಡದಿರುವುದು ಮಾತ್ರ ಬದಲಾಗಲೇಬೇಕು. ಈ ಮೂರೂ ಬಗೆಯ ರೂಢಿಗಳನ್ನು ಒಂದೇ ದನಿಯಲ್ಲಿ ಗದರಿಸಿದ ನರ್ಸಿನ ಮಾತು ಮನೆಯವರ ಕಿವಿಗೆ ಬೀಳುವುದಿಲ್ಲ. ಕೊನೆಗೆ ಮಗು ಮೊದಲ ಹಾಲನ್ನೂ ಕಳೆದುಕೊಳ್ಳುತ್ತದೆ.

ಹಾಗಾದರೆ ವಿದೇಶ ಪ್ರವಾಸದಿಂದ ಸಿಗುವುದೇನು? ನರ್ಸಿಂಗ್ ತಜ್ಞೆ ಜೋಸೆಫಾ ಕಂಪಿನ್ಹಾ-ಬಕೋಟ್ ಅವರ ಮಾದರಿಯಲ್ಲಿ ಸಾಂಸ್ಕೃತಿಕ ಸಾಮರ್ಥ್ಯಕ್ಕೆ, ಅಂದರೆ ಬೇರೆ ಸಂಸ್ಕೃತಿಯ ರೋಗಿಯನ್ನು ಅರಿತು ಆರೈಕೆ ಮಾಡುವ ಶಕ್ತಿಗೆ, ಐದು ಅಂಗಗಳಿವೆ: ಅರಿವು, ಜ್ಞಾನ, ಕೌಶಲ, ಮುಖಾಮುಖಿ, ಹಂಬಲ. ವಿದೇಶ ಪ್ರವಾಸ ಧಾರಾಳವಾಗಿ ಕೊಡುವುದು ಮುಖಾಮುಖಿಯನ್ನು. ಭಾಷೆ ಬಾರದ ಊರಲ್ಲಿ ತಾನೇ ಪರಕೀಯಳಾದಾಗ ವಿದ್ಯಾರ್ಥಿನಿಗೆ ರೋಗಿಯ ದಿಗಿಲು ಅರ್ಥವಾಗುತ್ತದೆ, ಅದಕ್ಕೆ ಬೆಲೆಯಿದೆ. ಹೊರಡುವ ಮುಂಚಿನ ಓದು, ಅಲ್ಲಿ ಬರೆಯುವ ದಿನಚರಿ, ಮರಳಿದ ಮೇಲೆ ಅಧ್ಯಾಪಕರ ಜೊತೆ ಚರ್ಚೆ ಇಲ್ಲದಿದ್ದರೆ, 'ಆ ದೇಶದವರು ಹೀಗೇ' ಎಂಬ ಹೊಸ ಪೂರ್ವಗ್ರಹವಷ್ಟೇ ಗಟ್ಟಿಯಾದೀತು.

ಆದ್ದರಿಂದ ಪ್ರವಾಸದ ಫಲವನ್ನು ಪ್ರಮಾಣಪತ್ರದಿಂದ ಅಳೆಯದೆ ವಾರ್ಡಿನಲ್ಲೇ ಅಳೆಯಬೇಕು. ಸೂರ್ಯಾಸ್ತದ ಮೇಲೆ ಉಣ್ಣದ ಚಿಕ್ಕಪೇಟೆಯ ಜೈನ ರೋಗಿಯ ಚೀಟಿಯಲ್ಲಿ 'ರಾತ್ರಿ ಊಟದ ನಂತರ' ಎಂದಿದ್ದರೆ, ವಿದ್ಯಾರ್ಥಿನಿ ಗುಳಿಗೆ ಕೊಟ್ಟು ಮುಂದೆ ಹೋದಳೇ? ಊಟ ಎಷ್ಟು ಹೊತ್ತಿಗೆ ಎಂದು ಕೇಳಿ, ವೇಳೆ ಬದಲಿಸಬಹುದೇ ಎಂದು ವೈದ್ಯರನ್ನು ವಿಚಾರಿಸಿದಳೇ? ಮೌಲ್ಯಮಾಪನದಲ್ಲಿ ಅಂಕ ಬೀಳಬೇಕಾದದ್ದು ಈ ಪ್ರಶ್ನೆಗಳಿಗೆ.