ಹಗೇವಿನ ಗಾಳಿ, ಬಾಟ್ಲಿ ಔಷಧಿ

ನಮ್ ತುಮಕೂರು, ಗುಬ್ಬಿ, ಕುಣಿಗಲ್ ಕಡೆ ವಿಷ ಅಂದ್ರೆ ಮೊದ್ಲು ಹಾವು, ಚೇಳೇ ನೆನಪಾಗೋದು. ಆದ್ರೆ ದವಸ ಕಾಪಾಡಕ್ಕೆ ಅಂತ ಮಾಡಿದ್ದೇ ಎಷ್ಟೋ ಸಲ ಮನೆಯವರಿಗೆ ಮುಳುವಾಗಿದೆ.

ಹಿಂದೆ ರಾಗಿ ತುಂಬ್ತಿದ್ದಿದ್ದು ಹಗೇವಿಗೆ. ಬಾಯಿ ಕಿರಿದು, ಹೊಟ್ಟೆ ಅಗಲ, ನೆಲದೊಳಗಿನ ಗುಂಡಿ. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ್ರೆ ವರ್ಷಗಟ್ಟಲೆ ಹುಳ ಬೀಳ್ತಿರಲಿಲ್ಲ. ಕಾಳೂ ಉಸಿರಾಡುತ್ತೆ ಕಣ್ರೀ. ಒಳಗಿನ ಆಮ್ಲಜನಕ ಮುಗಿದು, ಭಾರವಾದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಲ್ಲುತ್ತೆ. ಹುಳ ಸಾಯ್ತಿದ್ದಿದ್ದು ಅದ್ರಿಂದ್ಲೇ, ಮುಚ್ಚಳ ತೆಗೆದ ತಕ್ಷಣ ಇಳಿದ ಮನುಷ್ಯ ಸಾಯ್ತಿದ್ದಿದ್ದೂ ಅದ್ರಿಂದ್ಲೇ. ಒಬ್ಬ ಬಿದ್ದ ಅಂತ ಎತ್ತಕ್ಕೆ ಇಳಿದೋನೂ ಅಲ್ಲೇ ಉಳಿಯೋನು. ಅದಕ್ಕೇ ಹಗೇವು ತೆಗೆದು ಸುಮಾರು ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸೋರು. ದೀಪ ಆರಿದ್ರೆ ಯಾರೂ ಇಳಿಯೋ ಹಾಗಿಲ್ಲ. ಓದು ಬರಹ ಇಲ್ದೋರ ವಿಜ್ಞಾನ ಅದು, ನನಗಂತೂ ಬಲು ಮೆಚ್ಚುಗೆ.

ಆಮೇಲೆ ಸೀಮೆಎಣ್ಣೆ ಬಂತು. ನೀರಿನ ಥರಾನೇ ಕಾಣೋದು, ಇಟ್ಟಿರೋದು ಬಾಟ್ಲಿಲಿ, ಮೂಲೆಲಿ, ಮಗು ಕೈಗೆ ಸಿಗೋ ಹಾಗೆ. ಉಪ್ಪುನೀರು ಕುಡಿಸಿ ವಾಂತಿ ಮಾಡ್ಸೋರು. ಅದೇ ಕೇಡು: ಕಕ್ಕುವಾಗ ಎಣ್ಣೆ ಶ್ವಾಸಕೋಶಕ್ಕೆ ಹೋಗುತ್ತೆ.

ಸ್ವಾತಂತ್ರ್ಯ ಬಂದ ಮೇಲೆ ಫಾಲಿಡಾಲ್. ಯಾವ ಬೆಳೆ ಔಷಧಿಗೂ ಅದೇ ಹೆಸರು ಹೇಳೋ ಅಷ್ಟು ಪರಿಚಯವಾಯ್ತು. 1958ರಲ್ಲಿ ಕೇರಳದಲ್ಲಿ ಗೋಧಿಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ರು. ಹಡಗಲ್ಲಿ ಹಿಟ್ಟಿನ ಮೂಟೆಗಳ ಜೊತೆಗೇ ಹೇರಿದ್ದ ಫಾಲಿಡಾಲ್ ಸೋರಿ ಹಿಟ್ಟಿಗೆ ಸೇರಿತ್ತು. ನ್ಯಾಯಮೂರ್ತಿ ಜೆ.ಸಿ. ಷಾ ಆಯೋಗ ವಿಚಾರಣೆ ಮಾಡ್ತು, ಮುಂದೆ 1968ರಲ್ಲಿ ಕೀಟನಾಶಕ ಕಾಯ್ದೆ ಬಂತು. ಈಗ ಡಬ್ಬದ ಮೇಲೆ ಕಾಣೋ ಕೆಂಪು ಗುರುತು, ತಲೆಬುರುಡೆ, ಎಲ್ಲಾ ಆ ಕಾಯ್ದೆಯ ನಿಯಮದ್ದು.

ಆದ್ರೆ ಆ ಗುರುತು ಇರೋದು ಅಂಗಡಿ ಡಬ್ಬದ ಮೇಲೆ. ಪಕ್ಕದ ತೋಟದೋರಿಗೆ ಒಂದಿಷ್ಟು ಕೊಡಣ ಅಂತ ಕೂಲ್‌ಡ್ರಿಂಕ್ಸ್ ಬಾಟ್ಲಿಗೆ ಬಗ್ಗಿಸಿದ್ರೆ ಕಾಯ್ದೆ ಅಲ್ಲಿಗೆ ಮುಗೀತು. ಬಿಸಿಲಲ್ಲಿ ಆಡಿ ಬಂದ ಮಗೂಗೆ ಕಾಣೋದು ಬಾಟ್ಲಿ ಅಷ್ಟೇ.

ಹಗೇವುಗಳು ಈಗ ಮುಚ್ಚಿಹೋಗಿವೆ. ರಾಗಿ ಮೂಟೆ ಮಧ್ಯೆ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇಡ್ತಾರೆ, ಕೆಲವು ಮನೆಗಳಲ್ಲಿ ಮಲಗೋ ಕೋಣೆಲೇ. ಗಾಳಿಯ ತೇವ ಸೋಕಿದ್ರೆ ಸಾಕು, ಅದು ಫಾಸ್ಫೀನ್ ಅನಿಲ ಬಿಡುತ್ತೆ. ಮತ್ತೆ ಗಾಳಿಯದೇ ವಿಷ. ಈ ಸಲ ದೀಪ ಆರಲ್ಲ, ಮನುಷ್ಯರು ಮೊದ್ಲು ಬೀಳ್ತಾರೆ.