ಅಡುಗೆಮನೆಗೆ ಬಂದ ಸರಕಾರ

ಆಕಾಶವಾಣಿ ಎಂಬ ಹೆಸರು ಮೊದಲು ಬಳಕೆಗೆ ಬಂದದ್ದು ದಿಲ್ಲಿಯಲ್ಲಲ್ಲ, ಮೈಸೂರಿನ ಒಂದು ಮನೆಯಲ್ಲಿ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟಿನ ಒಂದು ಪ್ರಸಾರ ಯಂತ್ರ ಇಟ್ಟುಕೊಂಡು ಹಾಡು, ಮಾತು ಕೇಳಿಸತೊಡಗಿದರು. ನಮ್ಮ ಬಚ್ಚಲುಮನೆಯ ಬಲ್ಬೇ 40 ವ್ಯಾಟಿನದಾಗಿತ್ತು ಎಂದರೆ ಅದೆಷ್ಟು ಪುಟ್ಟದು ಎಂದು ನೀವೇ ಲೆಕ್ಕ ಹಾಕಬಹುದು. ಮೇಷ್ಟರೊಬ್ಬರ ಖಯಾಲಿಯಿಂದ ಹುಟ್ಟಿದ ಈ ಆಕಾಶವಾಣಿಯನ್ನು ಕೆಲವೇ ವರ್ಷಗಳಲ್ಲಿ ಮೈಸೂರು ಸಂಸ್ಥಾನ ವಹಿಸಿಕೊಂಡಿತು, ಸ್ವಾತಂತ್ರ್ಯ ಬಂದ ಮೇಲೆ ಭಾರತ ಸರಕಾರ ವಹಿಸಿಕೊಂಡಿತು. ಐವತ್ತರ ದಶಕದಲ್ಲಿ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು. ಮನೆಯೊಳಗಿಂದ ಹೊರಟ ದನಿ ಸರಕಾರದ್ದಾಗಿ ಮತ್ತೆ ಮನೆಯೊಳಗೆ ಬಂದ ಕತೆ ಇದು. ಹೆಂಗಸರಾದ ನಮಗೆ ಇದರಲ್ಲಿ ಏನು ಕೆಲಸ ಎನ್ನಬೇಡಿ. ಆ ದನಿ ಬಂದು ಕೂತದ್ದು ನಮ್ಮ ಒಲೆಯ ಪಕ್ಕದಲ್ಲೇ.

ನಮ್ಮ ಧಾರವಾಡಕ್ಕೆ ರೇಡಿಯೋ ಕೇಂದ್ರ ಬಂದದ್ದು 1950ರ ಜನವರಿ 8ರಂದು. ಧಾರವಾಡ ಆಗ ಮುಂಬಯಿ ಪ್ರಾಂತದಲ್ಲಿತ್ತು. ಕರ್ನಾಟಕ ಒಂದಾಗಲು ಇನ್ನೂ ಆರು ವರ್ಷ ಬಾಕಿ. ಅಷ್ಟು ಮೊದಲೇ ಅಷ್ಟು ಚಿಕ್ಕ ಊರಿಗೆ ಬಾನುಲಿ ಕೇಂದ್ರ ಹೇಗೆ ಬಂತು? ಆಗ ದಿಲ್ಲಿಯಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ಮಂತ್ರಿಗಳಾಗಿದ್ದವರು ರಂಗನಾಥ ದಿವಾಕರರು, ನಮ್ಮ ಊರಿನವರೇ. ಈ ಎರಡು ಸಂಗತಿಗಳಿಗೂ ಸಂಬಂಧವಿಲ್ಲ ಎಂದು ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ. ತಪ್ಪೇನೂ ಅಲ್ಲ ಬಿಡಿ. ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ, ನಕಾಶೆಯಲ್ಲಿ ಇನ್ನೂ ಇಲ್ಲದ ಒಂದು ನಾಡು ಕಿವಿಯಲ್ಲಿ ಮೊದಲೇ ಸಿಕ್ಕಿತು.

ನಮ್ಮ ಮನೆಗೆ ರೇಡಿಯೋ ಬಂದದ್ದು ನಾನು ಶಾಲೆಗೆ ಹೋಗಲು ಶುರುಮಾಡಿದ ಮೇಲೆ. ಪಡಸಾಲೆಯ ಗೂಡಿನಲ್ಲಿ ಕಸೂತಿ ಹಾಕಿದ ಹೊದಿಕೆ ಹೊದ್ದು ಅದು ಕೂತಿತ್ತು. ಅದಕ್ಕೊಂದು ಲೈಸೆನ್ಸ್ ಪುಸ್ತಕ ಬೇರೆ. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ ಮುದ್ರೆ ಹಾಕಿಸಿಕೊಂಡು ಬರಬೇಕು. ಎಮ್ಮೆ ಸಾಕಲು ಬೇಡವಾದ ಪರವಾನಗಿ ಹಾಡು ಕೇಳಲು ಬೇಕಾಗಿತ್ತು! ಎಂಬತ್ತರ ದಶಕದಲ್ಲಿ ಈ ಪದ್ಧತಿ ಹೋಯಿತು. ಗಂಡಸರು ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು, ಅವ್ವ, ಕಾಕು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದರು. ಕಿವಿ ಹಚ್ಚುವ ಹಕ್ಕು ಇತ್ತು, ಗುಂಡಿ ತಿರುಗಿಸುವ ಹಕ್ಕು ಇರಲಿಲ್ಲ.

ಏನು ಕೇಳಬೇಕು ಎಂಬುದನ್ನು ನಮ್ಮ ದೊಡ್ಡಪ್ಪ ತೀರ್ಮಾನಿಸುತ್ತಾರೆ ಎಂದುಕೊಂಡಿದ್ದೆವು. ನಿಜವಾಗಿ ಅದು ತೀರ್ಮಾನವಾಗುತ್ತಿದ್ದುದು ದಿಲ್ಲಿಯಲ್ಲಿ. ಪೇಟಿಯ ವಿಷಯವನ್ನೇ ನೋಡಿ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ನಾಟಕ ಕಂಪನಿ ಇರಲಿ, ಭಜನೆ ಇರಲಿ, ಪೇಟಿ ಇಲ್ಲದೆ ನಡೆಯುತ್ತಿರಲಿಲ್ಲ. ಆದರೆ ರೇಡಿಯೋದಲ್ಲಿ ಅದಕ್ಕೆ ಬಹಿಷ್ಕಾರ! 1940ರ ಮಾರ್ಚ್ ತಿಂಗಳಲ್ಲಿ ಬಿದ್ದ ನಿಷೇಧ ಸಡಿಲವಾಗಲು ಮೂರು ದಶಕ ಹಿಡಿಯಿತು. ಅದು ಪರದೇಶದ ವಾದ್ಯ, ನಮ್ಮ ಸಂಗೀತದ ಶ್ರುತಿಯ ಸೂಕ್ಷ್ಮಗಳು ಅದರ ಪಟ್ಟಿಗಳಿಗೆ ಸಿಗುವುದಿಲ್ಲ ಎಂಬುದು ಕಾರಣ. ರವೀಂದ್ರನಾಥ ಠಾಕೂರರಿಗೂ ನೆಹರೂ ಅವರಿಗೂ ಪೇಟಿ ಕಂಡರೆ ಆಗುತ್ತಿರಲಿಲ್ಲವಂತೆ. ಬ್ರಿಟಿಷರ ಆಳ್ವಿಕೆಯಲ್ಲೇ ಬ್ರಿಟಿಷ್ ಅಧಿಕಾರಿಗಳು ನಡೆಸುತ್ತಿದ್ದ ರೇಡಿಯೋ, ಪರದೇಶದ್ದೆಂದು ಒಂದು ವಾದ್ಯವನ್ನು ಹೊರಗಿಟ್ಟದ್ದು ವಿನೋದವೇ ಸರಿ.

ಪೇಟಿಯ ಕತೆ ಕೇಳಿ ನಗಬಹುದು. ಮುಂದಿನದು ಹಾಗಲ್ಲ. 1946ರಲ್ಲಿ ಪ್ರಸಾರ ಖಾತೆ ಸರ್ದಾರ್ ಪಟೇಲರ ಕೈಗೆ ಬಂದ ಮೇಲೆ ಒಂದು ನಿಯಮವಾಯಿತು. ಖಾಸಗಿ ಬದುಕಿನ ಬಗ್ಗೆ ಲೋಕಾಪವಾದ ಇರುವವರಿಗೆ ರೇಡಿಯೋದಲ್ಲಿ ಹಾಡಲು ಅವಕಾಶವಿಲ್ಲ. ಮಾತು ನಯವಾಗಿದೆ, ಅದು ಯಾರನ್ನು ಕುರಿತದ್ದು ಎಂಬುದು ಎಲ್ಲರಿಗೂ ಗೊತ್ತಿತ್ತು. ತಲೆತಲಾಂತರದಿಂದ ಸಂಗೀತವನ್ನು ಕಂಠದಲ್ಲಿಟ್ಟುಕೊಂಡು ಬಂದ ಹೆಂಗಸರನ್ನು ಕುರಿತದ್ದು. ಅವರನ್ನು ಸಾಕಿದ, ಅವರ ಕೋಠಿಗಳಿಗೆ ಹೋಗಿಬರುತ್ತಿದ್ದ ದೊಡ್ಡ ಮನುಷ್ಯರ ಖಾಸಗಿ ಬದುಕನ್ನು ಯಾವ ಕೇಂದ್ರದ ಬಾಗಿಲಲ್ಲೂ ಯಾರೂ ಕೇಳಲಿಲ್ಲ. ಉತ್ತರದ ಕಡೆ ಅನೇಕ ಗಾಯಕಿಯರ ಹೆಸರಿನ ‘ಬಾಯಿ’ ಅಳಿಸಿ ‘ದೇವಿ’, ‘ಬೇಗಂ’ ಬಂದವು. ಅಖ್ತರಿಬಾಯಿ ಫೈಜಾಬಾದಿ ಎಂದು ಹೆಸರಾಗಿದ್ದವರು 1945ರಲ್ಲಿ ಬ್ಯಾರಿಸ್ಟರರೊಬ್ಬರನ್ನು ಮದುವೆಯಾಗಿ ಹಾಡುವುದನ್ನೇ ಬಿಟ್ಟರು. ನಾಲ್ಕು ವರ್ಷಗಳ ನಂತರ ಲಖನೌ ರೇಡಿಯೋದಲ್ಲಿ ಮತ್ತೆ ಹಾಡಿದರು, ಲೋಕಕ್ಕೆ ಬೇಗಂ ಅಖ್ತರ್ ಆದರು. ಕಂಠ ಅದೇ. ಮದುವೆಯೆಂಬ ಪರವಾನಗಿ ಸಿಕ್ಕಿತ್ತು.

ನಮ್ಮ ಗಂಗೂಬಾಯಿ ಹಾನಗಲ್ಲರು ‘ಬಾಯಿ’ಯಾಗಿಯೇ ಉಳಿದರು, ‘ಬಾಯಿ’ಯಾಗಿಯೇ ನಾಡಿನ ದೊಡ್ಡ ಗೌರವಗಳನ್ನು ಪಡೆದರು. ಆದರೆ ಅವರ ದಾರಿಯೂ ಹೂ ಹಾಸಿದ್ದಲ್ಲ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹುಯಿಲಗೋಳ ನಾರಾಯಣರಾಯರ ನಾಡಗೀತೆ ಹಾಡಿದ ಹುಡುಗಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿ ಒಬ್ಬರು. ಹಾಡುವಾಗ ಅವರಿಗೆ ಸ್ವರ ತಪ್ಪೀತೆಂಬ ಹೆದರಿಕೆ ಇರಲಿಲ್ಲ, ಊಟವಾದ ಮೇಲೆ ತನಗೆ ಎಲೆ ಎತ್ತುವ ಕೆಲಸ ಹಚ್ಚುತ್ತಾರೇನೋ ಎಂಬ ಅಳುಕಿತ್ತು. ಮುಂದೆ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಅಂಥವರ ದನಿ ನಮ್ಮ ಮಡಿವಂತ ಪಡಸಾಲೆಯಲ್ಲಿ ತುಂಬಿಕೊಂಡಾಗ ದೊಡ್ಡಪ್ಪ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಅವರೇ ಖುದ್ದಾಗಿ ಬಂದಿದ್ದರೆ ಎಲ್ಲಿಯವರೆಗೆ ಒಳಗೆ ಬಿಡುತ್ತಿದ್ದರು ಎಂದು ನಾನು ಆಗ ಯೋಚಿಸಲಿಲ್ಲ. ಈಗ ಯೋಚಿಸುತ್ತೇನೆ. ರೇಡಿಯೋ ದನಿಯನ್ನು ದೇಹದಿಂದ ಬಿಡಿಸಿ ತಂದು ಹಾಕಿದ್ದರಿಂದ ಎಷ್ಟೋ ಮನೆಗಳ ಮಡಿಗೆ ತಿಳಿಯದಂತೆ ಅದು ಒಳಗೆ ಬಂದುಬಿಟ್ಟಿತು. ಸರಕಾರ ಬಾಗಿಲು ಮುಚ್ಚಿದ್ದೂ ನಿಜ, ತೆರೆದದ್ದೂ ನಿಜ.

ಸಿನಿಮಾ ಹಾಡಿನ ಕತೆ ನಿಮಗೆ ಗೊತ್ತಿರಬಹುದು. 1952ರಿಂದ ಹತ್ತು ವರ್ಷ ಈ ಖಾತೆ ನೋಡಿಕೊಂಡ ಬಿ.ವಿ. ಕೇಸ್ಕರರಿಗೆ ಶಾಸ್ತ್ರೀಯ ಸಂಗೀತವೆಂದರೆ ಪ್ರಾಣ, ಸಿನಿಮಾ ಹಾಡೆಂದರೆ ಅಸಹ್ಯ. ಆ ಹಾಡುಗಳ ಸಮಯ ಕಡಿಮೆಯಾಯಿತು, ಚಿತ್ರದ ಹೆಸರು ಹೇಳಬಾರದೆಂದಾಯಿತು, ನಿರ್ಮಾಪಕರು ಸಿಟ್ಟಾಗಿ ಅನುಮತಿಯನ್ನೇ ಹಿಂದೆಗೆದುಕೊಂಡರು. ದೇಶಕ್ಕೆ ದೇಶವೇ ಮುಳ್ಳನ್ನು ತಿರುಗಿಸಿ ಸಿಲೋನ್ ಕೇಂದ್ರಕ್ಕೆ ಹೋಯಿತು. ಬುಧವಾರ ರಾತ್ರಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಕೇಳಲು ಓಣಿಗೆ ಓಣಿಯೇ ಕಾಯುತ್ತಿತ್ತು. ಕೊನೆಗೆ 1957ರಲ್ಲಿ ವಿವಿಧ ಭಾರತಿ ಶುರುಮಾಡಿ ಸರಕಾರವೇ ಸೋತಿತು. ಆದರೆ ಮಂತ್ರಿಗಳ ಹಟದಿಂದ ಒಂದು ಒಳ್ಳೆಯದೂ ಆಯಿತು. ಸಿನಿಮಾ ಹಾಡಿನ ಜಾಗಕ್ಕೆ ಬೇರೆ ಏನಾದರೂ ಬೇಕಲ್ಲ, ಅದಕ್ಕೆ ಆಕಾಶವಾಣಿ ‘ಸುಗಮ ಸಂಗೀತ’ವನ್ನು ಬೆಳೆಸಿತು. ಕನ್ನಡ ಕವಿಗಳ ಪದ್ಯಗಳು ಪಾಠದ ಪುಸ್ತಕದಿಂದ ಎದ್ದು ನಮ್ಮ ನಾಲಿಗೆಗೆ ಬಂದದ್ದರಲ್ಲಿ ರೇಡಿಯೋದ ಪಾಲು ದೊಡ್ಡದು. ಹಿಟ್ಟು ನಾದುತ್ತ ಭಾವಗೀತೆ ಗುನುಗುವ ಹೆಣ್ಣುಮಗಳಿಗೆ ಅದು ದಿಲ್ಲಿಯ ಮಂತ್ರಿಯೊಬ್ಬರ ಜಗಳದ ಫಲ ಎಂದು ಹೇಗೆ ತಿಳಿಯಬೇಕು?

ಸರಕಾರ ನಮ್ಮ ತಟ್ಟೆಗೂ ಕೈ ಹಾಕಿತು. 1965ರಲ್ಲಿ ಆಹಾರದ ಅಭಾವ, ಮೇಲೆ ಪಾಕಿಸ್ತಾನದ ಜೊತೆ ಯುದ್ಧ. ಸೋಮವಾರ ರಾತ್ರಿ ಒಂದು ಹೊತ್ತು ಊಟ ಬಿಡಿ ಎಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ದೇಶಕ್ಕೆ ಕರೆ ಕೊಟ್ಟರು. ದೊಡ್ಡಪ್ಪ ಗಂಭೀರವಾಗಿ ಇದನ್ನು ಮನೆಯವರಿಗೆಲ್ಲ ತಿಳಿಸಿದಾಗ ನಮ್ಮ ಆಯಿ, ಅಂದರೆ ಅಜ್ಜಿ, “ಶಾಸ್ತ್ರಿಯವರು ಈಗ ಹೇಳ್ಯಾರ. ಶಿವಪ್ಪ ನಮಗ ಯಾವಾಗೋ ಹೇಳ್ಯಾನ. ಸೋಮವಾರ ನಾವು ಉಣ್ಣೋದ ಇಲ್ಲಲ್ಲ, ನೀವು ಗಂಡಸರು ಬಿಡ್ರಿ” ಅಂದಳು. ಆವತ್ತು ರೇಡಿಯೋ ಕೂಡ ಸುಮ್ಮನಿತ್ತು.

ಎಪ್ಪತ್ತರ ಸುಮಾರಿಗೆ ಕಾಕಾ ಒಂದು ಟ್ರಾನ್ಸಿಸ್ಟರ್ ತಂದರು. ಇತಿಹಾಸದ ಪುಸ್ತಕಗಳು ಬರೆಯದ ಒಂದು ಕ್ರಾಂತಿ ಅದು. ತಂತಿಯ ಹಂಗಿಲ್ಲದ ಪೆಟ್ಟಿಗೆ ಪಡಸಾಲೆಯಿಂದ ಎದ್ದು ಅಡುಗೆಮನೆಗೆ ಬಂತು. ಗುಂಡಿ ಮೊದಲ ಬಾರಿ ಕಾಕುವಿನ ಒದ್ದೆ ಕೈಗೆ ಸಿಕ್ಕಿತು. ಮಹಿಳೆಯರ ಕಾರ್ಯಕ್ರಮ, ನಾಟಕ, ಕೆಂಪು ತ್ರಿಕೋನದ ಕುಟುಂಬ ಯೋಜನೆಯ ಮಾತು, ಅಲ್ಪ ಉಳಿತಾಯದ ಉಪದೇಶ ಎಲ್ಲ ಒಗ್ಗರಣೆಯ ಸದ್ದಿನ ನಡುವೆ ಹರಿದುಬಂದವು. ಆ ಹೊತ್ತಿಗೇ ತುರ್ತುಪರಿಸ್ಥಿತಿಯೂ ಬಂತು.

1975ರ ಜೂನ್ 26ರ ಬೆಳಿಗ್ಗೆ ಇಂದಿರಾಗಾಂಧಿಯವರು ರೇಡಿಯೋದಲ್ಲೇ ಅದನ್ನು ಹೇಳಿದರು. ಹಿಂದಿನ ರಾತ್ರಿ ದಿಲ್ಲಿಯ ಪತ್ರಿಕೆಗಳ ಮುದ್ರಣಾಲಯಗಳಿಗೆ ವಿದ್ಯುತ್ತೇ ಇಲ್ಲದಂತಾಗಿತ್ತು. ಎರಡು ದಿನ ಬಿಟ್ಟು ಇಂಡಿಯನ್ ಎಕ್ಸ್‌ಪ್ರೆಸ್ ತನ್ನ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು. ಪತ್ರಿಕೆಯಲ್ಲಿ ಖಾಲಿ ಜಾಗವಾದರೂ ಕಾಣುತ್ತದೆ. ರೇಡಿಯೋದಲ್ಲಿ ಖಾಲಿ ಜಾಗ ಇರುವುದಿಲ್ಲ, ಅದರ ಮೇಲೆ ಹಾಡು ಬಂದು ಕೂರುತ್ತದೆ.

ನಮ್ಮ ಓಣಿಯ ಒಬ್ಬ ತಾಯಿಯ ಮಗನನ್ನು, ಕಾಲೇಜು ಹುಡುಗ, ಕರಪತ್ರ ಹಂಚಿದ ಎಂದು ಹಿಡಿದೊಯ್ದಿದ್ದರು. ಯಾವ ಜೈಲಿನಲ್ಲಿದ್ದಾನೆ ಎಂಬುದು ಬಹಳ ದಿನ ಮನೆಯವರಿಗೆ ತಿಳಿಯಲಿಲ್ಲ. ಆ ತಾಯಿಗೆ ಓದು ಬರುತ್ತಿರಲಿಲ್ಲ. ವಾರ್ತೆಯ ಹೊತ್ತಿಗೆ ಸರಿಯಾಗಿ ನಮ್ಮ ಅಡುಗೆಮನೆಗೆ ಬಂದು ಒಲೆಯ ಕಟ್ಟೆಗೆ ಒರಗಿ ಕೂರುತ್ತಿದ್ದಳು. “ಹೆಸರು ಹೇಳಿದ್ರ ಎಲ್ಲಿ ಅದಾನಂತರ ಗೊತ್ತಾಗ್ತದ” ಎನ್ನುತ್ತಿದ್ದಳು. ವಾರ್ತೆಯಲ್ಲಿ ಇಪ್ಪತ್ತು ಅಂಶಗಳ ಕಾರ್ಯಕ್ರಮ ಬರುತ್ತಿತ್ತು, ಹೊತ್ತಿಗೆ ಸರಿಯಾಗಿ ಓಡುವ ರೈಲು ಬರುತ್ತಿತ್ತು, ಹವಾಮಾನ ಬರುತ್ತಿತ್ತು. ಮಗನ ಹೆಸರು ಬರುತ್ತಿರಲಿಲ್ಲ. ಕಾಕು ಅವಳ ಮುಂದೆ ಚಹಾ ಇಟ್ಟು ರೇಡಿಯೋ ಸಣ್ಣ ಮಾಡುತ್ತಿದ್ದಳು. ಅವಳು ಕೈ ಚಾಚಿ ಮತ್ತೆ ದೊಡ್ಡದು ಮಾಡುತ್ತಿದ್ದಳು. ಹುಡುಗ 1977ರ ಮೊದಲಲ್ಲಿ ಮನೆಗೆ ಬಂದ.

ಬಾರದೇ ಹೋದವರೂ ಇದ್ದರು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ನಾವು ಕಂಡಿದ್ದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಉಬ್ಬಸದಿಂದ ಬಳಲಿದ ಅವರನ್ನು ಹೊರಗೆ ಬಿಟ್ಟದ್ದು 1977ರ ಜನವರಿಯಲ್ಲಿ. ಕೆಲವೇ ದಿನಗಳಲ್ಲಿ, ಅದೇ ತಿಂಗಳ 20ರಂದು ತೀರಿಕೊಂಡರು. ಸಾಮಾನ್ಯ ಗೃಹಿಣಿಯರಾದ ನಮಗೆ ಇದೆಲ್ಲ ತಿಳಿದದ್ದು ಆಮೇಲೆ. ಆಗ ನಮಗೆ ಗೊತ್ತಾದದ್ದು ಇಷ್ಟೇ: ಕಿಶೋರ್ ಕುಮಾರ್ ಹಾಡು ಇದ್ದಕ್ಕಿದ್ದಂತೆ ಬರುತ್ತಿಲ್ಲ. ನನ್ನ ತಂಗಿ, ಪಾಪ, ಆತನ ಗಂಟಲಿಗೆ ಏನೋ ಆಗಿರಬೇಕು ಎಂದು ಮರುಗಿದಳು. ಸರಕಾರದ ಪ್ರಚಾರಕ್ಕೆ ಹಾಡಲು ಒಪ್ಪದಿದ್ದುದಕ್ಕೆ 1976ರ ಮೇಯಿಂದ ಅವರ ಹಾಡುಗಳನ್ನೇ ನಿಲ್ಲಿಸಿದ್ದರು.

ಇಷ್ಟಾದರೂ 1977ರ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಕಾಂಗ್ರೆಸ್ಸೇ ಗೆದ್ದಿತು. ರೇಡಿಯೋ ಕೇಳಿ ಮರುಳಾದರು ಎಂದು ಉತ್ತರದವರು ಹಾಸ್ಯ ಮಾಡಬಹುದು. ನನಗೆ ಹಾಗನ್ನಿಸುವುದಿಲ್ಲ. ದೇವರಾಜ ಅರಸರ ಕಾಲದಲ್ಲಿ ಗೇಣಿದಾರರಿಗೆ ಭೂಮಿ ಸಿಕ್ಕಿದ್ದು ಯಾವ ವಾರ್ತೆಗಿಂತಲೂ ದೊಡ್ಡ ಸುದ್ದಿಯಾಗಿತ್ತು. ಉತ್ತರದಲ್ಲಿ ನಡೆದ ಬಲವಂತದ ಸಂತಾನಹರಣದ ಹಿಂಸೆ ಇಲ್ಲಿ ಅಷ್ಟು ಮುಟ್ಟಿರಲಿಲ್ಲ. ಜನ ಕಿವಿಯಿಂದ ಮಾತ್ರ ಮತ ಹಾಕುವುದಿಲ್ಲ.

ಮದುವೆಯಾಗಿ ನಾನು ಬೆಂಗಳೂರಿಗೆ ಬಂದೆ. ರೇಡಿಯೋ ಹಿಂದೆ ಸರಿದು ದೂರದರ್ಶನ ಬಂತು. ರಾಮಾಯಣದ ಭಾನುವಾರಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಅಲ್ಲಿಯವರೆಗೆ ಯಾವ ದನಿ ಮನೆಯೊಳಗೆ ಬರಬೇಕು ಎಂದು ತೀರ್ಮಾನಿಸುವುದು ಸರಕಾರವೊಂದೇ ಎಂದುಕೊಂಡಿದ್ದೆ. 1994ರ ಅಕ್ಟೋಬರಿನಲ್ಲಿ ಬೀದಿಯೂ ಅದನ್ನು ತೀರ್ಮಾನಿಸುತ್ತದೆ ಎಂದು ಕಂಡೆ. ಗಾಂಧಿ ಜಯಂತಿಯ ದಿನ ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಶುರುಮಾಡಿತು. ಕನ್ನಡದ ಸಮಯಕ್ಕೆ ಕತ್ತರಿ ಬೀಳುತ್ತದೆ ಎಂದು ಕೆಲವರು, ವಿಧಾನಸಭೆ ಚುನಾವಣೆ ಹತ್ತಿರ ಬಂದಾಗಲೇ ಏಕೆ ಎಂದು ಕೆಲವರು ಪ್ರಶ್ನಿಸಿದರು. ಎರಡನೆಯ ಪ್ರಶ್ನೆ ನ್ಯಾಯವಾದದ್ದೇ. ಆದರೆ ಪ್ರಶ್ನೆ ಕೆಲವೇ ದಿನಗಳಲ್ಲಿ ಕಲ್ಲಾಯಿತು, ಬೆಂಕಿಯಾಯಿತು. ಕರ್ಫ್ಯೂ ಬಿತ್ತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ವಾರ್ತೆ ನಿಂತಿತು.

ನಮ್ಮ ಪಕ್ಕದ ಮನೆಯಲ್ಲಿ ಹೊಲಿಗೆ ಹೊಲಿದು ಮನೆ ನಡೆಸುವ ಒಬ್ಬಾಕೆ ಇದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಮನೆಮಾತು ದಖನಿ. ಕರ್ಫ್ಯೂ ಸಡಿಲಿಸಿದ ಎರಡು ಗಂಟೆಯಲ್ಲಿ ಹಾಲು ಸಿಕ್ಕಿತೇ ಎಂದು ಕೇಳಲು ಹೋದೆ. ಆ ಉರ್ದು ವಾರ್ತೆಯನ್ನು ಅವರು ನೋಡಿದ್ದರು. “ಒಂದು ದಿವಸ ನೋಡಿದೆ ಅಮ್ಮಾ, ಅರ್ಧ ಅರ್ಥ ಆಗಲಿಲ್ಲ. ಅದು ಓದಿದವರ ಉರ್ದು. ನನಗೆ ಕನ್ನಡ ವಾರ್ತೆನೇ ಚೆನ್ನಾಗಿ ತಿಳಿಯೋದು” ಎಂದರು. ಮಿಷನ್ನಿನ ಮೇಲೆ ಯಾರದೋ ಹಬ್ಬದ ರವಿಕೆಗಳು ಅರ್ಧ ಹೊಲಿದು ಬಿದ್ದಿದ್ದವು. ದಸರೆಗೆಂದು ಕೊಟ್ಟವರು ತೆಗೆದುಕೊಂಡು ಹೋಗಲು ಬರುತ್ತಾರೋ ಇಲ್ಲವೋ ಎಂಬ ಚಿಂತೆ ಅವರಿಗೆ. ನಾನು ಅವನ್ನು ಎಣಿಸಿ ಚೀಲಕ್ಕೆ ಹಾಕಿಕೊಂಡೆ. ಎರಡು ದಿನ ಬಿಟ್ಟು ನಾನೇ ಮನೆಮನೆಗೆ ಹೋಗಿ ಕೊಟ್ಟು ಮಜೂರಿ ತಂದುಕೊಟ್ಟೆ. ಒಂದು ಮನೆಯವರು ಮಾತ್ರ ಹಣ ಕೊಟ್ಟು, ರವಿಕೆ ಬೇಡವೆಂದರು.