ಗಂಧದ ಗುಡಿ

ಗಂಧದ ಗುಡಿ: ಅರಣ್ಯ ಮತ್ತು ವನ್ಯಜೀವಿ ಸಂರಕ್ಷಣೆಯನ್ನು ಕಥಾವಸ್ತುವಾಗಿಸಿಕೊಂಡ ಕನ್ನಡ ಸಾಹಸಪ್ರಧಾನ ಚಲನಚಿತ್ರ (1973). ನಿರ್ದೇಶನ ವಿಜಯ್, ಸಂಗೀತ ರಾಜನ್-ನಾಗೇಂದ್ರ. ನಾಯಕ ನಟ ರಾಜ್‌ಕುಮಾರ್ ಅವರ 150ನೆಯ ಚಿತ್ರ. ವಿಷ್ಣುವರ್ಧನ್, ಕಲ್ಪನಾ ಇತರ ಮುಖ್ಯ ಕಲಾವಿದರು. ನಿರ್ಮಾಪಕ ಎಂ. ಪಿ. ಶಂಕರ್ ಮೈಸೂರಿನ ಗರಡಿಯಲ್ಲಿ ಪಳಗಿದ ಪೈಲ್ವಾನರು. ಕಾಡು, ಪ್ರಾಣಿಗಳನ್ನು ಕುರಿತ ಚಿತ್ರಗಳಲ್ಲಿ ಅವರಿಗೆ ವಿಶೇಷ ಒಲವಿತ್ತು.

ಶ್ರೀಗಂಧದ ಕಳ್ಳಸಾಗಣೆದಾರರನ್ನೂ ಬೇಟೆಗಾರರನ್ನೂ ಎದುರಿಸುವ ಅರಣ್ಯಾಧಿಕಾರಿಯೇ ಕಥಾನಾಯಕ. ಅವನು ಜೀಪು ಓಡಿಸುತ್ತ, ಹಾಡುತ್ತ ಕಾಡಿನ ದಾರಿಯಲ್ಲಿ ಸಾಗುವ ದೃಶ್ಯ ಕನ್ನಡಿಗರಿಗೆ ಚಿರಪರಿಚಿತ, ಚಿ. ಉದಯಶಂಕರ್ ರಚಿಸಿದ ಆ ಗೀತೆ ರಾಜ್ಯೋತ್ಸವದ ವೇದಿಕೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಹೊಡೆದಾಟಗಳು ಇಲ್ಲಿ ಬರಿಯ ರಂಜನೆಯಲ್ಲ, ಮರ ಮತ್ತು ಮೃಗಗಳ ಪರವಾದ ಕಾದಾಟಗಳು. ಚಿತ್ರದ ಈ ಕಾಳಜಿ ಆ ಕಾಲದ್ದೂ ಆಗಿತ್ತು: ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಬಂಡೀಪುರ ಹುಲಿ ಯೋಜನೆಗೆ ಸೇರಿದ್ದು ಚಿತ್ರ ತೆರೆಕಂಡ ವರ್ಷವೇ. ಅರಣ್ಯ ರಕ್ಷಣೆಯನ್ನು ಜನಪ್ರಿಯ ಸಿನಿಮಾದ ನಡುಮನೆಗೆ ತಂದ ಕನ್ನಡ ಚಿತ್ರಗಳಲ್ಲಿ ಇದಕ್ಕೆ ಮೊದಲ ಸಾಲಿನ ಸ್ಥಾನ ಸಲ್ಲುತ್ತದೆ.

ಹಿಂದಿಯಲ್ಲಿ 'ಕರ್ತವ್ಯ' (1979) ಎಂಬ ಹೆಸರಿನಲ್ಲಿ ಮರುನಿರ್ಮಾಣವಾಯಿತು. ಎರಡನೆಯ ಭಾಗ 1994ರಲ್ಲಿ ಶಿವರಾಜ್‌ಕುಮಾರ್ ನಾಯಕತ್ವದಲ್ಲಿ ಬಂದಿತು. ಪುನೀತ್ ರಾಜ್‌ಕುಮಾರ್ ಕಾಣಿಸಿಕೊಂಡ, ಅಮೋಘವರ್ಷ ನಿರ್ದೇಶನದ ವನ್ಯಜೀವಿ ಸಾಕ್ಷ್ಯಚಿತ್ರವೂ (2022) ಇದೇ ಹೆಸರನ್ನು ಹೊತ್ತಿದೆ.